ಮುಟ್ಟು ನಿಲ್ಲುವ ಹೊತ್ತು



ಹುಡುಗಿ ದೊಡ್ಡವಳಾದಳೆಂದರೆ ನಮ್ಮ ಕಡೆ ಆರತಿ ಮಾಡುತ್ತಾರೆ, ಉಡಿ ತುಂಬುತ್ತಾರೆ, ಕೊಬ್ಬರಿ-ಬೆಲ್ಲ ತಿನ್ನಿಸುತ್ತಾರೆ. ಅದೇ ಮುಟ್ಟು ನಿಲ್ಲುವ ಕಾಲಕ್ಕೆ ಆರತಿ ಹಾಗಿರಲಿ, ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ನಡುರಾತ್ರಿ ಮೈ ಕಾದು ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ, ಎರಡು ತಿಂಗಳು ತಪ್ಪಿದ್ದು ಮೂರನೆಯ ತಿಂಗಳು ವಿಪರೀತ ಹೋಗುತ್ತದೆ. "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಅನ್ನುವಲ್ಲಿಗೆ ಮನೆಯ ವೈದ್ಯ ಮುಗಿಯಿತು.

ಸತತ 12 ತಿಂಗಳು ಆಗದಿದ್ದರೆ ಮುಟ್ಟು ನಿಂತಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46ರ ಆಸುಪಾಸು, ಪಶ್ಚಿಮದ ದೇಶಗಳಲ್ಲಿ 51ರ ಸುಮಾರು. "ನಿಂತರ ಬಿಡುಗಡಿ" ಅನ್ನುವ ಹೆಂಗಸರು ಬಹಳ. ಹೊರಗೆ ಕೂರುವುದು ತಪ್ಪುತ್ತದೆ, ಗುಡಿಗೆ ಹೋಗಲು ದಿನ ಎಣಿಸಬೇಕಿಲ್ಲ. ಮುಟ್ಟಿನ ಸೂತಕವಿಲ್ಲ ಎಂದು ಶರಣರು 12ನೇ ಶತಮಾನದಲ್ಲೇ ಹೇಳಿದರೂ ಅವರ ಅನುಯಾಯಿಗಳ ಮನೆಯಲ್ಲೂ ಈ ಎಣಿಕೆ ನಿಂತಿಲ್ಲ, ಬಿಡಿ.

ನನ್ನ ಚಿಂತೆ ಬೇರೆ. ಬಿಡುಗಡೆಯ ಈ ಆಸೆಯೂ ದೇಹದ ಬಗೆಗಿನ ಈ ಅಜ್ಞಾನವೂ ಕೂಡಿದ ಕಡೆ "ಗರ್ಭಚೀಲ ತೆಗೆಸಿಬಿಡು" ಎಂಬ ಸಲಹೆ ಸಲೀಸಾಗಿ ನಾಟುತ್ತದೆ. ನಮ್ಮ ಉತ್ತರ ಕನ್ನಡದ ಮುಂಡಗೋಡ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ರಾಣೇಬೆನ್ನೂರಲ್ಲಿ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದರೆಂಬ ದೂರು ಎದ್ದಿತು. ನೊಂದ ಮಹಿಳೆಯರು 2022ರಲ್ಲಿ ಪರಿಹಾರ ಕೇಳಿ ಪಾದಯಾತ್ರೆ ಹೊರಟರು. ಅವರಲ್ಲಿ ಲಂಬಾಣಿ ತಾಂಡಾದವರು ಬಹಳ. ಕಲಬುರಗಿಯಲ್ಲಿ 2015ರಲ್ಲೇ ಇಂಥ ದೂರು ಬಂದಿತ್ತು. ಮಹಾರಾಷ್ಟ್ರದ ಬೀಡದಲ್ಲಿ ಕಬ್ಬು ಕಡಿಯುವ ಹೆಂಗಸರು ಕೂಲಿ ತಪ್ಪಬಾರದೆಂದು ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶವೆಲ್ಲ ಓದಿತು. ನಮ್ಮ ಹಳಿಯಾಳವೂ ಕಬ್ಬಿನ ಸೀಮೆಯೇ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ, ಹತ್ತಾರು ವರ್ಷ ಆಮೇಲೆ ಬರಬೇಕಾದ ಸ್ಥಿತಿ ಮೂವತ್ತೈದರಲ್ಲೇ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಭಯ ಹೆಚ್ಚುತ್ತದೆ. ಗಡ್ಡೆ, ಕ್ಯಾನ್ಸರ್ ಇದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುವುದೂ ನಿಜ. ಬೇಡವೆನ್ನುತ್ತಿಲ್ಲ, ಕೇಳಿ ಮಾಡಿಸಿ ಅನ್ನುತ್ತೇನೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿದೆ.

ಕೂಲಿ ತಪ್ಪುವ ಭಯದ ಮಾತಿಗೆ ಬಂದರೆ, ಕರ್ನಾಟಕ ಸರ್ಕಾರ 2025ರಲ್ಲಿ ಮುಟ್ಟಿನ ರಜೆ ತಂದಿತು: ವರ್ಷಕ್ಕೆ 12 ದಿನ, 18ರಿಂದ 52 ವಯಸ್ಸಿನವರಿಗೆ. ಮುಟ್ಟು ನಿಲ್ಲುವ ಹೊತ್ತಿನವರನ್ನೂ ಸೇರಿಸಿ 52ರವರೆಗೆ ಎಂದದ್ದು ನನಗೆ ಮೆಚ್ಚಿಗೆಯಾಯಿತು. ಆದರೆ ದಿನಗೂಲಿಗೆ ಗದ್ದೆಗಿಳಿಯುವವಳಿಗೆ ರಜೆ ಕೊಡುವವರು ಯಾರು?

ಇಲ್ಲಿ ಕೂತ ಅಣ್ಣಂದಿರೆ, ಮನೆಯಾಕೆಯನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸುವ ಮೊದಲು ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ತಾಯಂದಿರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚದೆ ಆಸ್ಪತ್ರೆಗೆ ಹೋಗಿ. ಅದು ಕ್ಯಾನ್ಸರಿನ ಗುರುತೂ ಆಗಿರಬಹುದು.