ಮಗುವಿನ ಬುದ್ಧಿಯನ್ನು ಯಾವ ಭಾಷೆಯಲ್ಲಿ ಅಳೆಯಬೇಕು?



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಯ ಮಗು ತಾಯಿಯಿಂದ ಕನ್ನಡ, ನೆರೆಯವರಿಂದ ಮರಾಠಿ ಕೇಳಿ, ಶಾಲೆಯಲ್ಲಿ ಇಂಗ್ಲಿಷನ್ನು ಎದುರಿಸುತ್ತದೆ. ಮಾತು ತಡವಾದರೆ ಹಿರಿಯರು ಭಾಷೆಗಳ ಗೊಂದಲವೆಂದು ಸಮಾಧಾನ ಹೇಳುತ್ತಾರೆ. ಆದರೆ ಹಲವು ಭಾಷೆಗಳನ್ನು ಕೇಳುವುದು ಬೌದ್ಧಿಕ ಅಸಾಮರ್ಥ್ಯಕ್ಕೆ ಕಾರಣವಲ್ಲ. 18 ತಿಂಗಳಾದರೂ ನಡೆಯದ, 2 ವರ್ಷವಾದರೂ ಎರಡು ಪದ ಕೂಡಿಸಿ ಆಡದ ಮಗುವನ್ನು ಕಾಯದೆ ವೈದ್ಯರಿಗೆ ತೋರಿಸಬೇಕು. ಮೊದಲು ಕಿವಿ, ಕಣ್ಣುಗಳ ಪರೀಕ್ಷೆ. ಕಿವಿ ಕೇಳದ ಮಗುವನ್ನು ಮಂದಬುದ್ಧಿಯೆಂದು ಕರೆದ ಮನೆಗಳಿಗೆ ಕೊರತೆಯಿಲ್ಲ. ಹುಟ್ಟಿನಿಂದ ಬಂದ ಥೈರಾಯ್ಡ್ ಕೊರತೆಯನ್ನು ಮೊದಲ ವಾರಗಳಲ್ಲೇ ಗುರುತಿಸಿ ಮಾತ್ರೆ ಕೊಟ್ಟರೆ ಬುದ್ಧಿಗಾಗುವ ಹಾನಿ ಬಹುಮಟ್ಟಿಗೆ ತಪ್ಪುತ್ತದೆ.

ಸೌಮ್ಯ ಸ್ವರೂಪದ ಕೊರತೆ ಮಾತ್ರ ಎರಡನೆಯ, ಮೂರನೆಯ ತರಗತಿಯವರೆಗೂ ಕಣ್ಣಿಗೆ ಬೀಳುವುದಿಲ್ಲ. ಅಷ್ಟರಲ್ಲಿ ಮಗುವಿಗೆ ಸೋಮಾರಿಯೆಂಬ ಹೆಸರು ಬಂದಿರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ವ್ಯಾಖ್ಯೆ ಎರಡನ್ನೂ ಕೇಳುತ್ತದೆ: ತರ್ಕ, ಕಲಿಕೆಗಳಲ್ಲಿ ಗಣನೀಯ ಮಿತಿ, ದಿನದ ಬದುಕಿನ ನಡವಳಿಕೆಯಲ್ಲೂ ಮಿತಿ. ಉಡುಪು ತೊಡುವುದು, ರಸ್ತೆ ದಾಟುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುವುದು, ಇವನ್ನು ವಿಚಾರಿಸದೆ ಕೇವಲ ಐ.ಕ್ಯೂ. ಅಂಕಿ ಬರೆದುಕೊಟ್ಟ ವರದಿ ಅಪೂರ್ಣ. ಅರಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿ ಬರೆದ ಅಂಕಿಯಂತೂ ಅನ್ಯಾಯವೇ.

ಇಲ್ಲೊಂದು ನೆನಪಿಡತಕ್ಕ ಸಂಗತಿಯಿದೆ. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ ರೂಪುಗೊಂಡದ್ದೇ ಕನ್ನಡ, ಮರಾಠಿಗಳಲ್ಲಿ. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದಾಗ, 1930ರ ದಶಕದಲ್ಲಿ, ವಿ. ವಿ. ಕಾಮತರು ಫ್ರಾನ್ಸಿನ ಬಿನೆಯ ಮೂಲದಿಂದ ಬಂದ ಪರೀಕ್ಷೆಯನ್ನು ಅಲ್ಲಿನ ಮಕ್ಕಳಿಗೆ ಹೊಂದಿಸಿದರು. ಅದರ ಮಾನದಂಡಗಳು ಇಂದು ಹಳೆಯವು. ಆದರೂ ಮಗುವನ್ನು ಅದರ ಭಾಷೆಯಲ್ಲೇ ಕೇಳಬೇಕೆಂಬ ವಿವೇಕ ಹಳತಾಗಿಲ್ಲ.

ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಮ್ಮನನ್ನು ಒಳಕೋಣೆಯಲ್ಲಿಡುವ ಮನೆಗಳೂ ಇವೆ. ಜ್ಞಾನಾವರಣೀಯ ಕರ್ಮವೆಂದು ಕೈಚೆಲ್ಲುವವರು ಚತುರ್ವಿಧ ದಾನಗಳಲ್ಲಿ ಔಷಧವೂ ಶಾಸ್ತ್ರವೂ ಸೇರಿವೆಯೆಂಬುದನ್ನು ಮರೆತಿರುತ್ತಾರೆ.

ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಸಾಮರ್ಥ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನವಿ ಮುಂಬಯಿಯಲ್ಲೇ ಇದೆ. ಪ್ರಮಾಣಪತ್ರ ದೊರೆತರೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು. ಪರೀಕ್ಷೆಗೆ ಹೋಗುವಾಗ ಹೆರಿಗೆಯ ಕಾಗದಗಳನ್ನೂ ಶಾಲೆಯ ಪುಸ್ತಕಗಳನ್ನೂ ಒಯ್ಯಬೇಕು. ಮನೆಮಾತು ಕನ್ನಡವೆಂದು ಮೊದಲೇ ತಿಳಿಸಿ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತೆಂಬುದನ್ನು ವರದಿಯಲ್ಲಿ ಬರೆಸಿಕೊಳ್ಳಬೇಕು.