ಸೂರು ಕಳೆದುಕೊಂಡ ಕುಟುಂಬವೂ ನಮ್ಮ ಧರ್ಮಕೇಂದ್ರವೂ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ದೇವಾಲಯಕ್ಕೆ ಸುಣ್ಣಬಣ್ಣ ಬಳಿದು, ದೀಪಾಲಂಕಾರ ಮಾಡಿ, ಹಿಂದೆ ಸೇವೆ ಸಲ್ಲಿಸಿದ ಗುರುಗಳನ್ನು ಕೃತಜ್ಞತೆಯಿಂದ ನೆನೆಯುವ ಹಬ್ಬ. ಇವೆಲ್ಲವೂ ನಡೆಯಬೇಕಾದುದೇ. ಆದರೆ ಈ ಸಭೆಯಲ್ಲಿ ನಾವು ಮಾತನಾಡಲು ಒಪ್ಪಿಕೊಂಡ ವಿಷಯ ಬೇರೆ. ಇದ್ದ ಮನೆಯನ್ನು ಕಳೆದುಕೊಂಡು, ಮಕ್ಕಳನ್ನು ಕಟ್ಟಿಕೊಂಡು, ನೆಲೆಯೊಂದಕ್ಕಾಗಿ ಅಲೆಯುವ ಕುಟುಂಬಕ್ಕೆ ಧರ್ಮಕೇಂದ್ರವೊಂದು ಏನು ಮಾಡಬಲ್ಲದು ಎಂಬುದೇ ಆ ವಿಷಯ. ಅಕ್ಕಿ, ಬಟ್ಟೆ, ಔಷಧಿ ಕೊಡುವ ಕ್ರಮ ಎಲ್ಲ ಧರ್ಮಕೇಂದ್ರಗಳಿಗೂ ಪರಿಚಿತ. ಮನೆ ದೊರಕಿಸಿಕೊಡುವ ಕ್ರಮ ಅಷ್ಟು ಪರಿಚಿತವಲ್ಲ.

ಗರುಡಾಚಾರ್‌ಪಾಳ್ಯದ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಹೊಲ, ತೋಪು, ಕೆರೆಗಳ ನಡುವೆ ಇದ್ದ ಹಳ್ಳಿ ಇದು. 2007ರಲ್ಲಿ ಮಹದೇವಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2023ರ ಮಾರ್ಚ್‌ನಲ್ಲಿ ಮೆಟ್ರೋ ರೈಲು ನಮ್ಮ ತಲೆಯ ಮೇಲೆಯೇ ಓಡತೊಡಗಿತು. ಹೊಲವಿದ್ದಲ್ಲಿ ಬಾಡಿಗೆ ಮನೆಗಳೆದ್ದವು. ಅವುಗಳಲ್ಲಿ ಕೆಲವು ಈ ಸಭೆಯಲ್ಲಿ ಕುಳಿತಿರುವವರದೇ. ಇದನ್ನು ಆಕ್ಷೇಪಣೆಗಾಗಿ ಹೇಳುತ್ತಿಲ್ಲ; ಮುಂದೆ ಇದೇ ಮಾತು ನಮಗೆ ಉಪಯೋಗಕ್ಕೆ ಬರಲಿದೆ.

ಮನೆ ಕಳೆದುಕೊಳ್ಳುವುದೆಂದರೆ ಸಾಮಾನ್ಯವಾಗಿ ಬೆಂಕಿ, ಪ್ರವಾಹಗಳು ನೆನಪಿಗೆ ಬರುತ್ತವೆ. ನಮ್ಮ ನಗರದಲ್ಲಿ ಅದಕ್ಕೆ ಬೇರೆ ಮುಖಗಳೂ ಇವೆ. ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ನಗರಪಾಲಿಕೆ ಕಟ್ಟಿದ ವಸತಿಗಳು ಕೆಲವೇ ವರ್ಷಗಳಲ್ಲಿ ಶಿಥಿಲಗೊಂಡು ಕುಸಿಯಲಾರಂಭಿಸಿದವು. ಅಲ್ಲಿಯೇ ಶೆಡ್ಡುಗಳಲ್ಲಿ ಉಳಿದಿದ್ದ ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು 2013ರ ಜನವರಿಯಲ್ಲಿ ಯಂತ್ರಗಳನ್ನು ತಂದು ಎಬ್ಬಿಸಲಾಯಿತು. ಅನೇಕರು ತಗಡಿನ ಬೇಲಿಯ ಹೊರಗೆ, ಪಾದಚಾರಿ ಮಾರ್ಗದ ಮೇಲೆ, ತಿಂಗಳುಗಟ್ಟಲೆ ಕಾಲ ಕಳೆದರು. ಮೂಲ ಹಂಚಿಕೆದಾರರು ಯಾರು, ಬಾಡಿಗೆದಾರರು ಯಾರು ಎಂಬ ಪ್ರಶ್ನೆ ಆಗ ಎದ್ದಿತು. ಚಳಿಯಲ್ಲಿ ಮಲಗಿದ ಮಗುವಿಗೆ ಈ ಭೇದ ಅರ್ಥವಾಗುವಂಥದ್ದಲ್ಲ.

ಇನ್ನೂ ಸಮೀಪದ ನಿದರ್ಶನವೊಂದಿದೆ. ನಮ್ಮ ಮಹದೇವಪುರ ವಿಧಾನಸಭಾ ಕ್ಷೇತ್ರದೊಳಗೇ ಇರುವ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರು ಪರದೇಶದವರೆಂಬ ಸುದ್ದಿ ಹಬ್ಬಿತ್ತು. ವಾಸ್ತವದಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದವರೂ ಅವರಲ್ಲಿದ್ದರು; ಗುರುತಿನ ಚೀಟಿಗಳನ್ನು ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ವಿಷಯ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಆ ತೆರವು ಕಾನೂನುಸಮ್ಮತವಲ್ಲವೆಂದೂ ನಿರಾಶ್ರಿತರ ಪುನರ್ವಸತಿಯ ಹೊಣೆ ಸರ್ಕಾರದ್ದೆಂದೂ ನ್ಯಾಯಾಲಯ ಎತ್ತಿಹಿಡಿಯಿತು. ಇದಕ್ಕೂ ಬಹು ಹಿಂದೆ, 1985ರಲ್ಲಿ, ಮುಂಬಯಿಯ ಪಾದಚಾರಿ ಮಾರ್ಗವಾಸಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತ್ತು. ಆದರೆ ಅದೇ ತೀರ್ಪು ಅವರು ಅಲ್ಲಿಯೇ ಉಳಿಯಬಹುದೆಂದು ಹೇಳಲಿಲ್ಲ. ತೀರ್ಪು ಬರುವುದಕ್ಕೂ ಸೂರು ಬರುವುದಕ್ಕೂ ಇರುವ ಅಂತರವನ್ನು ಬಡವನೇ ನಡೆದು ದಾಟಬೇಕಾಗುತ್ತದೆ.

ಇವು ಪತ್ರಿಕೆಗಳಲ್ಲಿ ಬಂದ ಘಟನೆಗಳು. ಪತ್ರಿಕೆಗೆ ಬಾರದವು ಇನ್ನೂ ಹೆಚ್ಚು. ಮನೆಯೊಡೆಯನು ಹಳೆಯ ಮನೆ ಕೆಡವಿ ಮೂರಂತಸ್ತು ಕಟ್ಟಿಸಲು ನಿರ್ಧರಿಸುತ್ತಾನೆ. ದುಡಿಯುತ್ತಿದ್ದ ತಂದೆ ಹಾಸಿಗೆ ಹಿಡಿಯುತ್ತಾನೆ, ಬಾಡಿಗೆ ನಿಲ್ಲುತ್ತದೆ, ಮುಂಗಡದಲ್ಲಿ ತಿಂಗಳು ತಿಂಗಳೂ ಮುರಿದುಕೊಳ್ಳಲಾಗುತ್ತದೆ. ಅದು ಕರಗಿದ ದಿನ ಪಾತ್ರೆಗಳು ಬೀದಿಗೆ ಬರುತ್ತವೆ. ತಾಯಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವವಳು. ಆಕೆಗೆ ಸಂಬಳವಿದೆ, ಬಾಡಿಗೆ ಕಟ್ಟುವ ಶಕ್ತಿಯೂ ಇದೆ. ಇಲ್ಲದ್ದು ಒಂದೇ: ಇಡಿಗಂಟು.

ಸಹೋದರರೇ, ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ ಆದುದರಿಂದ ಇಲ್ಲಿ ತುಸು ನಿಲ್ಲುತ್ತೇವೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಬಹುಕಾಲದ್ದು. ತಿಂಗಳಿಗೆ 8,000 ರೂಪಾಯಿ ಬಾಡಿಗೆಯೆಂದರೆ 80,000 ರೂಪಾಯಿ ಮೊದಲೇ ಎಣಿಸಬೇಕು. ಭೋಗ್ಯದ ಮನೆಯಾದರೆ ಲಕ್ಷಗಳ ಮಾತು. ಹಿಂದಿನ ಮನೆಯಿಂದ ಹೊರಡುವಾಗ ಬಣ್ಣ ಬಳಿಯುವ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಉಂಟು. ತಿಂಗಳ ಸಂಬಳದಲ್ಲಿ ಬದುಕುವ ಕುಟುಂಬ ಈ ಗಂಟನ್ನು ಬಡ್ಡಿಗೆ ತಂದರೆ, ಬಡ್ಡಿಯೇ ಎರಡನೆಯ ಬಾಡಿಗೆಯಾಗಿ, ಮತ್ತೆ ಬೀದಿಗೇ ದಾರಿ ತೋರಿಸುತ್ತದೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಶಾಸನ ಮಾಡದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಒಳ್ಳೆಯ ಮನಸ್ಸಿನ ಮನೆಯೊಡೆಯರು ಶಾಸನಕ್ಕಾಗಿ ಕಾಯಬೇಕಾಗಿಯೂ ಇಲ್ಲ.

ಮುಂಗಡದ ಹಣಕ್ಕೆ ವಿಶೇಷ ಗುಣವೊಂದಿದೆ. ಅಕ್ಕಿಗೆ ಕೊಟ್ಟ ಹಣ ಉಂಡು ತೀರುತ್ತದೆ, ಔಷಧಿಗೆ ಕೊಟ್ಟದ್ದು ಖರ್ಚಾಗುತ್ತದೆ. ಮುಂಗಡವಾದರೋ ಮನೆಯೊಡೆಯನಲ್ಲಿ ಭದ್ರವಾಗಿದ್ದು, ಮನೆ ತೆರವಾದಾಗ ಹಿಂದಿರುಗುತ್ತದೆ. ಆದುದರಿಂದ ಶತಮಾನೋತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು ಮುಂಗಡ ನಿಧಿಯಾಗಿ ಎತ್ತಿಡಬೇಕೆಂಬುದು ನಮ್ಮ ಸಲಹೆ. ಹಣವನ್ನು ಧರ್ಮಕೇಂದ್ರದ ಖಾತೆಯಿಂದ ಚೆಕ್ಕಿನ ಮೂಲಕವೇ ಮನೆಯೊಡೆಯನಿಗೆ ಕೊಟ್ಟು, ಅದು ಅದೇ ಖಾತೆಗೆ ಮರಳಬೇಕೆಂದು ಕರಾರುಪತ್ರದಲ್ಲಿ ಬರೆಸಬೇಕು. ಕುಟುಂಬ ತನ್ನ ಕೈಲಾದಷ್ಟನ್ನು ತಿಂಗಳಿಗಿಷ್ಟೆಂದು ತುಂಬುತ್ತ ಬಂದರೆ, ಕೆಲವು ವರ್ಷಗಳಲ್ಲಿ ಆ ಮುಂಗಡ ಅವರದೇ ಆಗುತ್ತದೆ. ನಿಧಿಯ ಹಣ ಇನ್ನೊಂದು ಮನೆಯ ಬಾಗಿಲು ತೆರೆಯಲು ಹೊರಡುತ್ತದೆ. ಬಾಡಿಗೆ ಬಾಕಿ ಬಿದ್ದರೆ ಹೇಗೆ ಎಂದು ಹಿರಿಯರು ಕೇಳುವರು. ನ್ಯಾಯವಾದ ಪ್ರಶ್ನೆ. ಕೆಲವೊಮ್ಮೆ ಬೀಳುತ್ತದೆ, ನಿಧಿ ಅಷ್ಟು ಸವೆಯುತ್ತದೆ. ಸವೆಯದ ನಿಧಿ ಬ್ಯಾಂಕಿನಲ್ಲಿ ಮಾತ್ರ ಇರಲು ಸಾಧ್ಯ.

ಹಣದಷ್ಟೇ ಅವಶ್ಯವಾದುದು ಜಾಮೀನಿನ ಮಾತು. ಬೀದಿಗೆ ಬಿದ್ದವನಿಗೆ ವಿಳಾಸವಿಲ್ಲ, ವಿಳಾಸವಿಲ್ಲದವನನ್ನು ನಂಬುವವರಿಲ್ಲ. ಊರು ಯಾವುದು, ಭಾಷೆ ಯಾವುದು, ಜಾತಿ ಯಾವುದು, ಮಾಂಸ ತಿನ್ನುವಿರಾ, ಮಕ್ಕಳೆಷ್ಟು ಎಂಬ ಪ್ರಶ್ನೆಗಳನ್ನು ದಾಟಿ ಒಳಗೆ ಹೋಗಬೇಕಾದರೆ ಪರಿಚಿತರೊಬ್ಬರು ಪಕ್ಕದಲ್ಲಿ ನಿಂತು ‘ಇವರು ನಮ್ಮವರು’ ಎನ್ನಬೇಕು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯನ್ನು ಸ್ಥಾಪಿಸಿದಾಗ ಫ್ರೆಡರಿಕ್ ಓಜನಾಮರಿಗೆ ಇಪ್ಪತ್ತರ ಪ್ರಾಯ. ಬಡವನನ್ನು ಅವನ ಮನೆಗೇ ಹೋಗಿ ಕಾಣಬೇಕೆಂಬುದು ಅವರು ಹಾಕಿಕೊಟ್ಟ ಕ್ರಮ. ಹೋಗಿ ಕಾಣಲು ಮನೆಯೇ ಇಲ್ಲವಾದರೆ, ಮನೆ ಹುಡುಕುವುದೇ ಮೊದಲ ಭೇಟಿಯಾಗಬೇಕು.

ಈ ಕೆಲಸದಲ್ಲಿ ಕಾಗದಪತ್ರಗಳ ಮಾತೂ ಬರುತ್ತದೆ. ಹನ್ನೊಂದು ತಿಂಗಳ ಕರಾರು ಏಕೆಂದು ಕೆಲವರು ಕೇಳುವುದುಂಟು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿಪತ್ರ ನೋಂದಣಿಯಾಗಲೇಬೇಕು, ಅದಕ್ಕೆಂದೇ ಈ ರೂಢಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಸ್ತ್ರೀಯರಿಗೂ ಬಡವರಿಗೂ ಉಚಿತ ಕಾನೂನು ನೆರವು ಕೊಡುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಸರ್ಕಾರದ ವಸತಿ ಯೋಜನೆಗಳಿಗೆ ಅರ್ಜಿ ಹಾಕಿಸುವುದನ್ನೂ ಬಿಡಬಾರದು; ಆದರೆ ಆ ಮನೆ ಬರುವ ತನಕ ಮಲಗಲು ಜಾಗ ಬೇಕಲ್ಲವೇ?

ಜಾಗ ಎಲ್ಲಿಯಾದರೇನು ಎನ್ನುವವರಿಗೆ ಒಂದು ಮಾತು. ಇಲ್ಲಿಂದ ಪೂರ್ವಕ್ಕೆ ಕೆಲವೇ ಮೈಲಿ ದೂರದ ವೈಟ್‌ಫೀಲ್ಡ್ ಹುಟ್ಟಿದ್ದೇ ನೆಲೆಯಿಲ್ಲದವರಿಗೆ ನೆಲೆಯಾಗಲೆಂದು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು, ಡಿ. ಎಸ್. ವೈಟ್ ಅವರ ಹೆಸರು ಊರಿಗೆ ಬಂದಿತು. ಭೂಮಿ ಬೇಕಾದಷ್ಟಿದ್ದರೂ ಅಲ್ಲಿ ನೆಲೆಸಿದವರು ಬಹುಕಾಲ ಅಲ್ಪಸಂಖ್ಯೆಯವರೇ. ಈಜಿಪುರದಿಂದ ಎಬ್ಬಿಸಲ್ಪಟ್ಟವರಿಗೆ ಸರ್ಜಾಪುರದ ಕಡೆಯ ಸೂಲಿಕುಂಟೆಯನ್ನು ತೋರಿಸಿದಾಗಲೂ ತೊಡಕಾದದ್ದು ದೂರವೇ. ಬೆಳಿಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಹೋಗುವ ತಾಯಿಗೆ ಎರಡು ಬಸ್ಸಿನಾಚೆಯ ಮನೆ ಕೆಲಸವನ್ನೇ ಕಿತ್ತುಕೊಳ್ಳುತ್ತದೆ. ನಾವು ಹುಡುಕುವ ಮನೆ ಆಕೆಯ ದುಡಿಮೆಗೂ ಮಕ್ಕಳ ಶಾಲೆಗೂ ನಡೆದು ಹೋಗುವಷ್ಟು ಸಮೀಪವಿರಬೇಕು. ಎಂದರೆ ಇಲ್ಲಿಯೇ, ನಮ್ಮ ಬೀದಿಗಳಲ್ಲಿಯೇ ಇರಬೇಕು.

ಧರ್ಮಸಭೆ ಈ ವಿಷಯದಲ್ಲಿ ಸುಮ್ಮನಿಲ್ಲ. ವಸತಿಹೀನರ ಅಂತರರಾಷ್ಟ್ರೀಯ ವರ್ಷವಾಗಿದ್ದ 1987ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವು, ಮನೆಯಿಲ್ಲದ ನಿನ್ನ ಸಹೋದರನಿಗೆ ನೀನೇನು ಮಾಡಿದೆ ಎಂಬ ಅರ್ಥದ ಶೀರ್ಷಿಕೆಯಲ್ಲಿ ಪತ್ರವೊಂದನ್ನು ಸಿದ್ಧಪಡಿಸಿತು. ವಸತಿ ಕೇವಲ ಮಾರಾಟದ ಸರಕಲ್ಲ, ಮನುಷ್ಯನ ಹಕ್ಕು ಎಂಬುದು ಅದರ ನಿಲುವು. 2019ರಲ್ಲಿ ಜಗದ್ಗುರು ಫ್ರಾನ್ಸಿಸ್ಸರು ಸಂತ ಪೇತ್ರರ ಚೌಕದ ಬಳಿಯ ಅರಮನೆಯೊಂದನ್ನು ಮನೆಯಿಲ್ಲದವರಿಗೆ ಬಿಟ್ಟುಕೊಟ್ಟರು. ನಮ್ಮಲ್ಲಿ ಅರಮನೆಗಳಿಲ್ಲ, ಮಹಡಿಯ ಮೇಲಿನ ಒಂಟಿ ಕೋಣೆಗಳಿವೆ. ಅವುಗಳಿಗೆ ಬಾಡಿಗೆ ಬೇಡವೆಂದು ನಾವು ಯಾರನ್ನೂ ಕೇಳುತ್ತಿಲ್ಲ, ಏಕೆಂದರೆ ಅನೇಕ ವಿಧವೆಯರಿಗೂ ವೃದ್ಧರಿಗೂ ಅದೇ ಜೀವನಾಧಾರ. ಎರಡು ತಿಂಗಳ ಮುಂಗಡ ಸಾಕೆನ್ನಿ. ಬಂದವರು ಯಾವ ಮತದವರೆಂದು ಕೇಳಬೇಡಿ.

ನಿಧಿಯ ಲೆಕ್ಕವನ್ನು ವರ್ಷಕ್ಕೆರಡು ಬಾರಿ ದೇವಾಲಯದ ಫಲಕದಲ್ಲಿ ಹಾಕಬೇಕು. ನೆರವು ಪಡೆದವರ ಹೆಸರುಗಳನ್ನು ಮಾತ್ರ ಹಾಕಕೂಡದು. ಬರುವ ಭಾನುವಾರದ ಬಲಿಪೂಜೆಯ ತರುವಾಯ ಗುರುಮನೆಯ ಜಗಲಿಯಲ್ಲಿ ಒಂದು ಪುಸ್ತಕ ತೆರೆದಿರುತ್ತದೆ. ಮನೆ ತೆರವಾಗಲಿರುವವರು ಬೀದಿಯ ಹೆಸರು, ಬಾಡಿಗೆ, ತೆರವಾಗುವ ತಿಂಗಳು, ಇಷ್ಟನ್ನು ಅದರಲ್ಲಿ ಬರೆಯಬೇಕೆಂದು ಪ್ರಾರ್ಥಿಸುತ್ತೇವೆ.