ಎದುರಿನ ಕಿಟಕಿ

ರೈಲು ಹತ್ತಿದವರಿಗೆಲ್ಲ ಕಿಟಕಿ ಪಕ್ಕದ ಜಾಗದ ಮೇಲೆ ಆಸೆ. ಆದರೆ ಆ ಕಿಟಕಿ ತೋರಿಸುವುದು ಪಕ್ಕದ ಲೋಕವನ್ನು. ತೆಂಗಿನ ತೋಟ, ಕೆರೆ ಏರಿ, ಗೇಟಿನ ಬಳಿ ನಿಂತ ಟ್ರ್ಯಾಕ್ಟರು, ಎಲ್ಲವೂ ಕಂಡದ್ದೇ ತಡ ಹಿಂದೆ ಸರಿದುಹೋಗುತ್ತವೆ. ಮುಂದೆ ಏನಿದೆ ಎಂಬುದು ಕಾಣುವುದು ಎಂಜಿನ್ನಿನಲ್ಲಿ ಕುಳಿತ ಇಬ್ಬರಿಗೆ ಮಾತ್ರ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನೋಡುತ್ತಲೇ ಬೆಳೆದವನು ನಾನು. ಆ ಎದುರಿನ ಕಿಟಕಿಯಲ್ಲಿ ಒಮ್ಮೆ ಕೂರಬೇಕೆಂಬ ಆಸೆ ಬಹಳ ವರ್ಷ ಆಸೆಯಾಗಿಯೇ ಉಳಿದಿತ್ತು.

ಅದು ಕೈಗೂಡಿದ್ದು ಮನೆಯ ಕಂಪ್ಯೂಟರಿನಲ್ಲಿ. 2001ರಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಟ್ರೇನ್ ಸಿಮ್ಯುಲೇಟರ್’ ಎಂಬ ಆಟ ಹೊರತಂದಿತು. ನಿಜವಾದ ಆರು ಮಾರ್ಗಗಳು ಅದರಲ್ಲಿದ್ದವು. ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ದಾರಿಯಲ್ಲಿ 24 ಕಮಾನುಗಳ ರಿಬಲ್‌ಹೆಡ್ ಸೇತುವೆಯ ಮೇಲೆ ಉಗಿ ಎಂಜಿನ್ ಓಡಿಸಬಹುದಿತ್ತು. ಜಪಾನಿನ ಕ್ಯೂಶೂ ದ್ವೀಪದ ಹಿಸಾತ್ಸು ಮಾರ್ಗದಲ್ಲಿ ಸುರುಳಿ ಸುತ್ತುತ್ತ ಬೆಟ್ಟ ಹತ್ತಬಹುದಿತ್ತು. ಆ ಬೆಟ್ಟದ ದಾರಿ 2020ರ ಜುಲೈ ತಿಂಗಳ ನೆರೆಗೆ ಸಿಕ್ಕಿ ಅಲ್ಲಿ ರೈಲು ಓಡಾಟ ನಿಂತುಹೋಯಿತು. ನನ್ನ ಪರದೆಯ ಮೇಲೆ ಈಗಲೂ ಓಡುತ್ತದೆ. ಆ ಹಳೆಯ ಆಟದ ಮಾರ್ಗಗಳು ಮೂಲೆ ಸೇರಬಾರದೆಂದು ರೈಲುಪ್ರಿಯರು ಸೇರಿ ‘ಓಪನ್ ರೈಲ್ಸ್’ ಎಂಬ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ನಮ್ಮ ದೇಶದ ಹುಡುಗರು ನಮ್ಮದೇ ಎಂಜಿನ್ನುಗಳನ್ನು, ನಮ್ಮದೇ ನೀಲಿ ಬೋಗಿಗಳನ್ನು ಆಟಕ್ಕೆಂದು ರಾತ್ರಿಯೆಲ್ಲ ಕೂತು ರಚಿಸಿ ಹಂಚಿದ್ದಾರೆ. ದುಡ್ಡಿಗಾಗಿ ಮಾಡಿದ ಕೆಲಸವಲ್ಲ ಅದು.

ಆಟಕ್ಕೆ ಕೂತ ಮೊದಲ ದಿನವೇ ನನಗೊಂದು ಸಂಗತಿ ತಿಳಿಯಿತು. ರೈಲನ್ನು ಹೊರಡಿಸುವುದು ಅಂಥ ಕಷ್ಟವೇನಲ್ಲ. ಡೀಸೆಲ್ ಎಂಜಿನ್ನಿಗೆ ಎಂಟು ನಾಚ್, ಅಂದರೆ ಶಕ್ತಿಯ ಎಂಟು ಮೆಟ್ಟಿಲು. ಒಂದೊಂದೇ ಏರಿಸುತ್ತ ಹೋದರೆ ವೇಗ ತಾನಾಗಿ ಕೂಡಿಕೊಳ್ಳುತ್ತದೆ. ಕಷ್ಟವೆಲ್ಲ ನಿಲ್ಲಿಸುವುದರಲ್ಲಿದೆ. ನಿಲ್ದಾಣ ಕಣ್ಣಿಗೆ ಬಿದ್ದ ಮೇಲೆ ಬ್ರೇಕು ಹಾಕಿದೆ. ರೈಲು ಪ್ಲಾಟ್‌ಫಾರ್ಮನ್ನೂ ಕಾದು ನಿಂತ ಜನರನ್ನೂ ಆಚೆಯ ಕೆಂಪು ಸಿಗ್ನಲ್ಲನ್ನೂ ದಾಟಿ ನಿಂತಿತು.

ಯಾಕೆ ಹೀಗೆ ಎಂದು ಓದತೊಡಗಿದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುತ್ತದೆ, ಘರ್ಷಣೆ ಬಹಳ ಕಡಿಮೆ. ಅದಕ್ಕೇ ಒಂದು ಎಂಜಿನ್ ಸಾವಿರಾರು ಟನ್ ಎಳೆಯುತ್ತದೆ. ಅದಕ್ಕೇ ಎಳೆದ ಭಾರವನ್ನು ತಡೆಯುವುದು ಕಷ್ಟ. ಗಂಟೆಗೆ ನೂರು ಕಿಲೋಮೀಟರ್ ವೇಗದ ರೈಲು ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಇನ್ನು ಬ್ರೇಕಿನ ಕಥೆ. ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒಂದು ಗಾಳಿಯ ಕೊಳವೆ ಹೋಗಿರುತ್ತದೆ. ಅದರಲ್ಲಿ ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟುಕೊಂಡಿರುತ್ತದೆ. ಗಾಳಿ ಹೊರಹೋದರೆ ಹಿಡಿಯುತ್ತದೆ. ಕೊಳವೆ ಎಲ್ಲಾದರೂ ಕಡಿದರೆ ರೈಲು ತಾನೇ ನಿಲ್ಲಲಿ ಎಂದು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲೇ ಮಾಡಿದ ಏರ್ಪಾಡು ಇದು. ಗಾಬರಿಯಿಂದ ಮತ್ತೆ ಮತ್ತೆ ಬ್ರೇಕು ಹಿಡಿದು ಬಿಟ್ಟರೆ ಬೋಗಿಗಳಲ್ಲಿ ಕೂಡಿಟ್ಟ ಗಾಳಿ ಖಾಲಿಯಾಗಿ, ನಿಜವಾಗಿ ಬೇಕಾದ ಹೊತ್ತಿಗೆ ಬಲವೇ ಇರುವುದಿಲ್ಲ. ಆತುರ ಪಟ್ಟವನಿಗೆ ಕೊನೆಯಲ್ಲಿ ಏನೂ ಉಳಿಯುವುದಿಲ್ಲ ಎಂಬುದನ್ನು ನನ್ನ ಬೆರಳುಗಳು ಹೀಗೆ ಕಲಿತವು.

ಜಪಾನಿನಲ್ಲಿ 1996ರಲ್ಲಿ ಟೈಟೊ ಕಂಪನಿ ತಂದ ‘ಡೆನ್ಶಾ ಡೆ ಗೋ’ ಎಂಬ ಆಟವಂತೂ ನಿಂತಿರುವುದೇ ಈ ವಿದ್ಯೆಯ ಮೇಲೆ. ಅಲ್ಲಿ ಜೋರಾಗಿ ಓಡಿಸಿದವನಿಗೆ ಬಹುಮಾನವಿಲ್ಲ. ಹೇಳಿದ ಸೆಕೆಂಡಿಗೆ, ಹೇಳಿದ ಗೆರೆಗೆ, ಜರ್ಕ್ ಇಲ್ಲದೆ ನಿಲ್ಲಿಸಿದವನು ಗೆಲ್ಲುತ್ತಾನೆ. ಲಕ್ಷಾಂತರ ಜನ ಇಂಥ ಆಟವನ್ನು ಮೆಚ್ಚಿ ಆಡಿದರು ಎಂಬುದು ನನಗೆ ಬಹಳ ಸಂತೋಷದ ವಿಷಯ.

ಈಗ ನಾನು ಮುಂಚೆಯೇ ಸಿದ್ಧನಾಗುತ್ತೇನೆ. ಎರಡು ಹಳದಿ ದೀಪ ಕಂಡರೆ ಎಚ್ಚರ, ಒಂದೇ ಹಳದಿಯಾದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ತಯಾರಿ, ಕೆಂಪಾದರೆ ನಿಲುಗಡೆ. ನಮ್ಮ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಪ್ರತಿ ಸಿಗ್ನಲ್ಲನ್ನೂ ಗಟ್ಟಿಯಾಗಿ ಕೂಗಿ ಹೇಳಿಕೊಳ್ಳುತ್ತಾರೆ. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಕಾಯಲಿ ಎಂದು. ನಾನೂ ಒಬ್ಬನೇ ಕೂತು “ಡಬಲ್ ಯೆಲ್ಲೊ” ಎಂದು ಕೂಗುತ್ತೇನೆ. ಬಾಯಲ್ಲಿ ಹೇಳಿದಾಗ ಮನಸ್ಸೂ ಅಲ್ಲೇ ನಿಲ್ಲುತ್ತದೆ.

ಆದರೂ ಇದು ಆಟ. ತಪ್ಪಿದರೆ ಇನ್ನೊಮ್ಮೆ ಮೊದಲಿನಿಂದ ಶುರುಮಾಡಬಹುದು. ಆ ಎದುರಿನ ಕಿಟಕಿಯಲ್ಲಿ ನಿಜವಾಗಿ ಕುಳಿತವರಿಗೆ ಆ ಅವಕಾಶವಿಲ್ಲ. ಬೇಸರವಾಯಿತೆಂದು ನಾನು ನಡುವೆ ಎದ್ದು ಹೋಗಬಹುದು. ಅವರು ಮಂಜಿನಲ್ಲಿ, ಮಳೆಯಲ್ಲಿ, ನಿದ್ದೆ ಎಳೆಯುವ ನಾಲ್ಕು ಗಂಟೆಯ ಜಾವದಲ್ಲಿ ಕಣ್ಣು ತೆರೆದೇ ಇರಬೇಕು. ಹವ್ಯಾಸ ನನಗೆ ಕೊಟ್ಟ ದೊಡ್ಡ ಲಾಭವೆಂದರೆ ಈ ತಿಳಿವಳಿಕೆ. ಮೊದಲು ಎಂಜಿನ್ನನ್ನು ಪ್ರೀತಿಸುತ್ತಿದ್ದೆ, ಈಗ ಅದರೊಳಗಿನ ಮನುಷ್ಯರೂ ಕಾಣುತ್ತಾರೆ.

ಒಂದು ರಾತ್ರಿ ನಿಜವಾದ ರೈಲಿನಲ್ಲಿ ಮಂಗಳೂರಿನ ಕಡೆಗೆ ಹೊರಟಿದ್ದೆ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್ ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವ ಘಟ್ಟ. ಬೋಗಿಯಲ್ಲಿ ಎಲ್ಲರೂ ಮಲಗಿದ್ದರು. ಕೆಳಗಿನ ಬರ್ತಿನಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಪುಟ್ಟ ಮಗು. ಕಿಟಕಿಯ ಬಳಿಯ ಪುಟ್ಟ ಮೇಜಿನ ಮೇಲೆ ಮುಚ್ಚಳವಿಲ್ಲದ ಲೋಟದಲ್ಲಿ ಅರ್ಧ ನೀರು. ಮುಂದೆ ಕತ್ತಲಲ್ಲಿ ಯಾರೋ ಬ್ರೇಕು ಹಿಡಿದರು, ಸ್ವಲ್ಪ ಬಿಟ್ಟರು, ಮತ್ತೆ ಹಿಡಿದರು. ಆ ಲೆಕ್ಕವೆಲ್ಲ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಒಂದು ಸಣ್ಣ ನಿಲ್ದಾಣದಲ್ಲಿ ರೈಲು ನಿಂತಿತು. ಲೋಟದ ನೀರು ತುಳುಕಲಿಲ್ಲ. ಮಗು ಮಗ್ಗುಲು ಬದಲಿಸಲಿಲ್ಲ.

ಇಂದು ಬೆಳಗ್ಗೆ ನೀವು ರೈಲಿನಲ್ಲಿ ಹೊರಟಿದ್ದರೆ, ಇಳಿದ ಮೇಲೆ ಎಂಜಿನ್ನಿನ ಕಡೆಗೊಮ್ಮೆ ನೋಡಿ, ಕೈ ಬೀಸಿ. ಕಿಟಕಿಯಲ್ಲಿ ಒಂದು ಮುಖ ಇದ್ದೇ ಇರುತ್ತದೆ.